ಅಪ್ಪನ ತುಟ್ಟಿಭತ್ಯೆ ಮತ್ತು ನನ್ನ ಪಗಾರ

ಬೆಲೆಯೇರಿಕೆಗೂ ನನ್ನ ಮುಖಭಂಗಕ್ಕೂ ಏನೋ ನಂಟಿದೆ. ಒಂದು ಆದ ವಾರದೊಳಗೆ ಇನ್ನೊಂದು ಆಗಿಯೇ ತೀರುತ್ತದೆ.

ನಾನು ಅರ್ಥಶಾಸ್ತ್ರದ ಎಂ.ಎ. ಮನೆ ಬೀದರದಲ್ಲಿ. ಬೆಳಿಗ್ಗೆ ಭಾಲ್ಕಿಯ ಒಂದು ಖಾಸಗಿ ಕಾಲೇಜಿನಲ್ಲಿ, ಮಧ್ಯಾಹ್ನ ಔರಾದಿನ ಇನ್ನೊಂದರಲ್ಲಿ ಅತಿಥಿ ಉಪನ್ಯಾಸಕ. ಪಗಾರ ಪಿರಿಯಡ್ ಲೆಕ್ಕ. ಸೇರಿದ ದಿನ ಪಿರಿಯಡ್ಡಿಗೆ ಎಷ್ಟಿತ್ತೋ ಹತ್ತು ವರ್ಷದ ಮೇಲೂ ಅಷ್ಟೇ. ಭಾಲ್ಕಿಯಲ್ಲಿ ಬಸ್ಸು ತಡವಾದರೆ ಔರಾದಿನ ಪಿರಿಯಡ್ ಹೋಯಿತು, ಅದರ ರೊಕ್ಕವೂ ಹೋಯಿತು. ಹೀಗೇ ತಡ ಮಾಡಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಔರಾದಿನವರು ಹೇಳಿಯೂ ಆಗಿತ್ತು. ನನಗೊಂದು ಬೈಕು ಬೇಕಿತ್ತು. ಮುಂದಿನದೆಲ್ಲ ಆ ಬೈಕಿನ ಬೆನ್ನು ಹತ್ತಿದಾಗ ಆದದ್ದು.

ಉಳಿತಾಯ

ಅಪ್ಪ ಸರ್ಕಾರಿ ಸಾಲಿ ಮಾಸ್ತರನಾಗಿ ನಿವೃತ್ತನಾದವನು. ಬೆಲೆ ಏರಿದಂತೆ ಪಿಂಚಣಿಯ ಮೇಲಿನ ತುಟ್ಟಿಭತ್ಯೆಯೂ ಏರುತ್ತದೆ. ಹೀಗಾಗಿ ನಮ್ಮ ಓಣಿಯಲ್ಲಿ ಬೆಲೆಯೇರಿಕೆಯನ್ನು ಮಳೆಯಂತೆ ಕಾಯುವ ಮನುಷ್ಯ ಅವನೊಬ್ಬನೇ.

ಒಂದು ಸಂಜೆ ಅವ್ವ ಬಜಾರದಿಂದ ಬಂದು ಚೀಲ ಕುಕ್ಕಿದಳು.

"ತೊಗರಿಬ್ಯಾಳಿ ಮತ್ತ ಏರೇದ. ತೊಗರಿ ಬೆಳಿಯೋ ಸೀಮ್ಯಾಗ ನಮಗ ಈ ಗತಿ."

"ಎಣ್ಣಿ?" ಅಪ್ಪ ಆಸೆಯಿಂದ ಕೇಳಿದ.

"ಅದೂ ಏರೇದ."

"ಗ್ಯಾಸು?"

"ಅದೂ."

ಅಪ್ಪ ಪೇಪರು ಮಡಚಿಟ್ಟ. "ಜನವರಿಗೆ ತುಟ್ಟಿಭತ್ಯೆ ಛಲೋ ಬರ್ತದ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ನಿನ್ನ ವಯಸ್ಸಿನಾಗ ನಾ ಪ್ಲಾಟ್ ತಗೊಂಡು ಮನಿ ಕಟ್ಟಿದ್ದೆ. ನಿನಗ ಒಂದ್ ಗಾಡಿ ತಗೊಳ್ಳಾಕ ಆಗವಲ್ದು. ಉಳಿಸಬೇಕಪ್ಪಾ ತಮ್ಮಾ."

"ಏನ್ ಉಳಿಸ್ಲಿ?"

"ಹೊರಗಿನ ಚಹಾ ಬಿಡು."

ಬಿಟ್ಟೆ. ಕೆಲವೇ ತಿಂಗಳಲ್ಲಿ ಬೈಕಿನ ಬೆಲೆ ನಾನು ಉಳಿಸಿದ್ದಕ್ಕಿಂತ ಹೆಚ್ಚು ಏರಿತು. ಅಪ್ಪನಿಗೆ ಲೆಕ್ಕ ತೋರಿಸಿದೆ.

"ಹಂಗಾದ್ರ ನಾಷ್ಟಾನೂ ಬಿಡು," ಎಂದ.

ಬಡ್ತಿ

ಹಸಿವಿನಲ್ಲಿ ಸಿಟ್ಟು ಬೇಗ ಬರುತ್ತದೆ. ಭಾಲ್ಕಿ ಕಾಲೇಜಿನ ಕಾರ್ಯದರ್ಶಿಗಳ ಕೋಣೆಗೆ ನೇರ ಹೋದೆ.

"ಎಲ್ಲಾ ತುಟ್ಟಿ ಆಗೇದ್ರಿ. ಪಗಾರ ಏರಿಸ್ಬೇಕು."

"ಖರೇ ಅದ," ಎಂದರು ಅವರು. "ತುಟ್ಟಿ ಆಗೇದಂತಲೇ ನಾವು ಫೀ ಏರ್ಸೀವಿ."

"ಮತ್ತ ಪಗಾರ?"

"ಪಗಾರಾನೂ ಏರ್ಸಿದ್ರ, ಫೀ ಏರ್ಸಿ ಏನ್ ಸುಖ ಬಂತ್ರಿ ಸರ?"

ಅರ್ಥಶಾಸ್ತ್ರ ಕಲಿಸುವವನು ನಾನು. ಅವರ ಲೆಕ್ಕ ಸರಿಯೆಂದು ತಲೆಯಾಡಿಸಿದೆ. ನನ್ನ ಮುಖ ನೋಡಿ ಅವರಿಗೂ ಕನಿಕರ ಬಂದಿರಬೇಕು. ಅಂದಿನಿಂದ ನನ್ನನ್ನು 'ಹಿರಿಯ ಅತಿಥಿ ಉಪನ್ಯಾಸಕ' ಮಾಡಿದರು. ಪಗಾರ ಹಳೆಯದೇ.

ಹೊಸ ಗುರುತಿನ ಚೀಟಿ ಮಾಡಿಸಿದ ಖರ್ಚನ್ನು ಮಾತ್ರ ಆ ತಿಂಗಳ ಪಗಾರದಲ್ಲಿ ಮುರಿದುಕೊಂಡರು.

ಗುಂಪು

ಅದೇ ವಾರ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಔರಾದಿನ ಬಸ್ಸಿಗೆ ನಿಂತಿದ್ದೆ. ಬಸ್ಸಿನ ಸುಳಿವಿಲ್ಲ. ಪಕ್ಕದಲ್ಲಿ, ಅರ್ಧ ದಿನದ ಕಳೆ ಕೀಳುವ ಕೆಲಸ ಮುಗಿಸಿ ಭಾತಂಬ್ರಾಕ್ಕೆ ಮರಳುವ ಹೆಣ್ಣುಮಕ್ಕಳ ಗುಂಪು ಕುಳಿತಿತ್ತು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು:

"ಯಾಕ್ರಿ ಸರ, ಘಳಿಗಿಗೊಮ್ಮಿ ವಾಚ್ ನೋಡ್ಲತ್ತೀರಿ?"

"ಪಿರಿಯಡ್ ತಪ್ತದಬೇ."

"ತಪ್ಪಿದ್ರ?"

"ಆ ಪಿರಿಯಡ್ಡಿನ ರೊಕ್ಕ ಇಲ್ಲ."

"ಹಂಗಾದ್ರ ನಿಮ್ದೂ ಕೂಲೀನೇ ಅನ್ರಿ!" ಅವಳಿಗೆ ಬಳಗ ಸಿಕ್ಕಷ್ಟು ಖುಷಿಯಾಯಿತು. "ಕೂಲಿ ಯಾವಾಗ ಏರ್ಸಿದ್ರು?"

"ಹತ್ತು ವರ್ಷ ಆತು, ಏರ್ಸಿಲ್ಲ."

"ನೀವು ಕೇಳಿಲ್ಲೇನು?"

"ಕೇಳೀನಿ. ಅರ್ಜಿನೂ ಕೊಟ್ಟೀನಿ."

ಗುಂಪಿಗೆ ಗುಂಪೇ ನಕ್ಕಿತು. "ನಾವು ಕೇಳಂಗಿಲ್ರಿ," ಎಂದಳು ಅವಳು. "ಕಳಿ ಮೊಳಕಾಲುದ್ದ ಬೆಳಿಯೋತನ ಮನ್ಯಾಗ ಕುಂದರ್ತೇವಿ. ಹೊಲದವ್ರೇ ಬಂದು ಏರ್ಸ್ತಾರ."

ಗುಂಪಿನ ಕಿರಿಯಳಿಗೆ ನನ್ನ ಮೇಲೆ ಮರುಕ ಹುಟ್ಟಿತು. "ಅಕ್ಕಾ, ಸರ್‌ಗ ನಮ್ಮ ಗುಂಪಿನ್ಯಾಗ ತಗೊಳ್ಳೋಣೇನ?"

ಹಿರಿಯಳು ನನ್ನನ್ನೊಮ್ಮೆ ಅಳೆದು ನೋಡಿದಳು.

"ಬ್ಯಾಡವಾ. ಇಂಥವ್ರು ಸೇರಿದ್ರ ನಮ್ಮ ಕೂಲೀನೂ ಇಳೀತದ."

ಮಾಲೀಕರು

ಅಂದೂ ಪಿರಿಯಡ್ ತಪ್ಪಿತು. ಸೋಮವಾರದಿಂದ ಸಮಯಕ್ಕೆ ಬರುವುದಾದರೆ ಬನ್ನಿ, ಇಲ್ಲವಾದರೆ ಬೇಡ ಎಂದರು ಔರಾದಿನವರು. ಮರುದಿನವೇ ಸಾಲ ಕೇಳಲು ಬೀದರದ ಒಂದು ಬ್ಯಾಂಕಿಗೆ ಹೋದೆ. ಅಪ್ಪನ ಪಿಂಚಣಿ ಬರುವುದೂ ಅಲ್ಲಿಗೇ, ಆದ್ದರಿಂದ ಅವನೂ ಜೊತೆಗೆ ಬಂದ.

ಮ್ಯಾನೇಜರು ಎದ್ದು ನಿಂತು ಅಪ್ಪನಿಗೆ ಕುರ್ಚಿ ತೋರಿಸಿದರು. ನನ್ನನ್ನು ಕೇಳಿದರು, "ಏನ್ ಮಾಡ್ತೀರಿ?"

"ಹಿರಿಯ ಅತಿಥಿ ಉಪನ್ಯಾಸಕ."

"ಅತಿಥಿಗಳಿಗೆ ಚಹಾ ಕೊಡ್ತೇವ್ರಿ," ಎಂದರು. "ಸಾಲ ಕಾಯಂ ಪಗಾರ ಇದ್ದವ್ರಿಗೆ." ಆಮೇಲೆ ದನಿ ಮೆತ್ತಗೆ ಮಾಡಿ ಅಪ್ಪನ ಕಡೆ ಬಾಗಿದರು. "ಮಾಸ್ತರ್, ನಿಮಗ ಬೇಕಂದ್ರ ಹೇಳ್ರಿ, ನಾಳಿಗೇ ಮಾಡ್ಸಿ ಕೊಡ್ತೇನಿ."

ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಹೊಡೆಯದ ಅಪ್ಪ, ಬೈಕಿನ ಸಾಲಕ್ಕೆ ಸಹಿ ಹಾಕಿದ. ಔರಾದಿನ ಕೆಲಸ ಉಳಿಯಿತು. ಬೈಕು ಮಾತ್ರ ಅಪ್ಪನದಾಯಿತು.

ಶನಿವಾರ ಶೋರೂಮಿನಲ್ಲಿ ಬೈಕಿಗೆ ಹಾರ ಹಾಕಿದರು. ಫೋಟೋಕ್ಕೆಂದು ರಟ್ಟಿನ ದೊಡ್ಡ ಕೀಲಿಕೈಯೊಂದನ್ನು ಅಪ್ಪನ ಕೈಗೆ ಕೊಟ್ಟರು. ನಾನು ತೆಂಗಿನಕಾಯಿ ಹಿಡಿದು ಪಕ್ಕದಲ್ಲಿ ನಿಂತೆ.

"ತಮ್ಮಾ, ನೀ ಬಾಜೂ ಸರಿ," ಎಂದ ಶೋರೂಮಿನವನು. "ಮಾಲೀಕರದು ಪೂರಾ ಬರ್ಲಿ."

ಸರಿದೆ. ಫೋಟೋ ತೆಗೆದ ಮೇಲೆ ಅವನಿಗೊಂದು ಅನುಮಾನ ಬಂತು.

"ಮಾಸ್ತರ್, ಈ ವಯಸ್ಸಿನಾಗ ಗಾಡಿ ನೀವೇ ಹೊಡಿತೀರೇನು?"

"ಇಲ್ಲ, ಇಂವ ಹೊಡಿತಾನ." ಅಪ್ಪ ನನ್ನತ್ತ ಬೆರಳು ತೋರಿಸಿದ.

"ಬೈಕಿಗೆ ಡ್ರೈವರ್ ಇಟ್ಟವ್ರನ್ನ ಇವತ್ತೇ ನೋಡ್ದೆ ನೋಡ್ರಿ! ಪಗಾರ ಏನ್ ಕೊಡ್ತೀರಿ?"

ಮಗ ಎಂದು ಹೇಳಿಬಿಡುತ್ತಾನೆಂದು ನಾನು ಕಾದೆ. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ.

"ಊಟ, ವಸ್ತಿ. ಭಾಳ ವರ್ಷ ಆತು, ಏರ್ಸಿಲ್ಲ."

"ಆದ್ರೂ ಬಿಟ್ಟು ಹೋಗಿಲ್ಲೇನ್ರಿ?"

"ಎಲ್ಲಿ ಹೋಗ್ತಾನ?" ಎಂದ ಅಪ್ಪ. "ಎಂ.ಎ. ಓದ್ಯಾನ."