ಮಾಸ್ಕೋದಲ್ಲಿ ಹಿಡಿದ ಸೀಟು

ಎಲ್ಲದಕ್ಕೂ ಕಾರಣ ನಾಗೇಂದ್ರಪ್ಪನ ಕೈ. ತಲೆ ಯೋಚಿಸುವ ಮೊದಲೇ ಅದು ಟವೆಲ್ ಎಸೆದುಬಿಟ್ಟಿತ್ತು.

ಕೈಯದೂ ತಪ್ಪಿಲ್ಲ ಬಿಡಿ. ಹಗರಿಬೊಮ್ಮನಹಳ್ಳಿಯ ಹತ್ತಿ ಬೆಳೆಗಾರರ ಸಂಘದ ಗುಮಾಸ್ತನಾಗಿ ಅವನು ಹದಿನೆಂಟು ವರ್ಷ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಬಸ್ಸಿನಲ್ಲಿ ತಿರುಗಿದ್ದ. ಒಂದು ದಿನವೂ ನಿಂತು ಹೋದವನಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವಷ್ಟರಲ್ಲಿ ಅವನ ಟವೆಲ್ ಕಿಟಕಿಯೊಳಗೆ ಬಿದ್ದು ಸೀಟು ಹಿಡಿದಿರುತ್ತಿತ್ತು. ಟವೆಲ್ ಬಿದ್ದ ಸೀಟಿನಲ್ಲಿ ಕೂರುವ ಧೈರ್ಯ ನಮ್ಮ ಕಡೆ ತಹಶೀಲ್ದಾರರಿಗೂ ಇಲ್ಲ.

ಆದರೆ ಇದು ಮಾಸ್ಕೋ, ೧೯೭೯ರ ಸೆಪ್ಟೆಂಬರ್. ರಷ್ಯಾದ ಹತ್ತಿ ಬೇಸಾಯ ನೋಡಲು ಬಂದವರಲ್ಲಿ ನಮ್ಮ ಸೀಮೆಯವರು ಮೂವರು: ನಾಗೇಂದ್ರಪ್ಪ, ಕೊಟ್ಟೂರಿನ ರೈತ ಹಾಲೇಶಪ್ಪ, ಹಡಗಲಿಯ ಶಿವಬಸಮ್ಮ. ತಾಷ್ಕೆಂಟಿಗೆ ರೈಲಿನಲ್ಲಿ ಮೂರು ದಿನದ ದಾರಿ. "ಇಲ್ಲೇ ನಿಂತಿರಿ" ಎಂದು ಹೇಳಿ ದುಭಾಷಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹೋದ. ಅಷ್ಟರಲ್ಲಿ ಎದುರಿನ ಗಾಡಿಗೆ ಜನ ಮುಗಿಬಿದ್ದರು.

"ಏ ನಾಗೇಂದ್ರ, ಮಂದಿ ನೋಡಲೇ! ಮೂರು ದಿನ ನಿಂತು ಹೋಗಾಕ ಆಗತೈತೇನು?" ಎಂದ ಹಾಲೇಶಪ್ಪ.

ಅಷ್ಟೇ ಸಾಕಾಯಿತು. ತೆರೆದ ಕಿಟಕಿಯೊಳಗೆ ಕೆಂಪು ಟವೆಲ್ ಹೋಗಿ ಬಿತ್ತು. ಆಮೇಲೆ ನಾಗೇಂದ್ರಪ್ಪನಿಗೆ ನೆನಪಾಯಿತು: ಕಳೆಯಬಾರದೆಂದು ಟಿಕೆಟ್ಟು, ಪಾಸ್‌ಪೋರ್ಟು ಎರಡನ್ನೂ ಗಂಟು ಕಟ್ಟಿದ್ದು ಅದೇ ಟವೆಲ್ಲಿನಲ್ಲಿ.

ಓಡಿಹೋಗಿ ನೋಡಿದರೆ, ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಬಾಗಿಲಷ್ಟೇ ಅಗಲವಾಗಿ ನಿಂತಿದ್ದಳು. ಟಿಕೆಟ್ ಕೇಳಿದಳು. ಇವನು ಒಳಗೆ ಬೆರಳು ತೋರಿಸಿದ. ಇಲ್ಲವೆಂದು ತಲೆಯಾಡಿಸಿ "ನ್ಯೆತ್" ಎಂದಳು. ಟಿಕೆಟ್ ಇಲ್ಲದೆ ಅವಳು ಒಳಗೆ ಬಿಡುವುದಿಲ್ಲ. ಒಳಗೆ ಹೋಗದೆ ಟಿಕೆಟ್ ಸಿಗುವುದಿಲ್ಲ. ಪಾಸ್‌ಪೋರ್ಟ್ ಹೋದರೆ ಊರು ಸೇರುವುದು ಹೇಗೆ? ಹೆಂಡತಿ ಗಾಳೆಮ್ಮನ ಮುಖ ಕಣ್ಣ ಮುಂದೆ ಬಂತು.

"ಕೈ ಮುಗೀರಿ ನಾಗೇಂದ್ರಣ್ಣ, ಹೆಣ್ಣು ಜೀವ, ಕರಗತೈತಿ" ಎಂದಳು ಶಿವಬಸಮ್ಮ.

ಕೈ ಮುಗಿದ. ಬಾಗಿಲ ಹೆಂಗಸೂ ನಗುತ್ತ ಕೈ ಮುಗಿದಳು. ಜಾಗ ಮಾತ್ರ ಬಿಡಲಿಲ್ಲ.

"ಕಿಟಕಿ ಕಡಿ ನಡಿಯಲೇ, ಒಳಗಿದ್ದೋರು ಕೊಡ್ತಾರ" ಎಂದು ಹಾಲೇಶಪ್ಪ ರಟ್ಟೆ ಹಿಡಿದು ಎಳೆದ.

ಕಿಟಕಿಯಲ್ಲಿ ಒಬ್ಬ ಅಜ್ಜಿ ಟವೆಲ್ ಹಿಡಿದು ಕೂತಿದ್ದಳು. ನಾಗೇಂದ್ರಪ್ಪ ಟವೆಲ್ ತೋರಿಸಿ ತನ್ನ ಎದೆ ಮುಟ್ಟಿಕೊಂಡ. ಪರದೇಶದವನು ಮನಸಾರೆ ಉಡುಗೊರೆ ಕೊಟ್ಟನೆಂದು ಅಜ್ಜಿಗೆ ಕಣ್ಣೀರೇ ಬಂತು. ಟವೆಲ್ಲನ್ನು ತಲೆಗೆ ಕಟ್ಟಿಕೊಂಡಳು. ಪಾಸ್‌ಪೋರ್ಟಿನ ಗಂಟು ಅವಳ ಕಿವಿಯ ಹತ್ತಿರ ಜೋತಾಡತೊಡಗಿತು.

"ಚಂದ ಕಾಣಸ್ತೈತಿ ಬಿಡ್ರಿ ಅಜ್ಜಿಗೆ" ಎಂದಳು ಶಿವಬಸಮ್ಮ.

ನಾಗೇಂದ್ರಪ್ಪ ಅಯ್ಯೋ ಎಂದು ಬಾಯಿಗೆ ಕೈ ಇಟ್ಟುಕೊಂಡ. ಪಾಪ, ಹಸಿದಿದ್ದಾನೆಂದು ಅಜ್ಜಿ ಅರ್ಧ ಬ್ರೆಡ್ಡು, ಎರಡು ಸೌತೆಕಾಯಿ ಕೊಟ್ಟಳು. ಹಾಲೇಶಪ್ಪ ಒಂದು ಸೌತೆಕಾಯಿ ಕಡಿದು, "ಎಳೇದೈತಿ, ತಿನ್ನು" ಎಂದ.

ಗಾಡಿ ಸೀಟಿ ಊದಿತು. ನಾಗೇಂದ್ರಪ್ಪ ಬ್ರೆಡ್ಡು ಹಿಡಿದುಕೊಂಡೇ ಬಾಗಿಲ ಮುಂದೆ ಕುಸಿದು ಅತ್ತುಬಿಟ್ಟ. ಅದನ್ನು ನೋಡಿ ಬಾಗಿಲ ಹೆಂಗಸಿನ ಮನಸ್ಸು ಕರಗಿತು. ರಟ್ಟೆ ಹಿಡಿದು ಅನಾಮತ್ತಾಗಿ ಒಳಗೆತ್ತಿಕೊಂಡಳು. ಅವನು ಅಜ್ಜಿಯ ಬಳಿಗೆ ಓಡಿ ಗಂಟು ಮುಟ್ಟಿ ತೋರಿಸಿದ. ಆಗ ಅವಳಿಗೆ ತಿಳಿಯಿತು. ನಗುತ್ತ ತಾನೇ ಗಂಟು ಬಿಚ್ಚಿ ಪಾಸ್‌ಪೋರ್ಟು, ಟಿಕೆಟ್ಟು ಕೈಗಿಟ್ಟು, ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಹದಿನೆಂಟು ವರ್ಷದ ಬಸ್ ಓಡಾಟದಲ್ಲಿ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ.

ಎದೆ ಉಬ್ಬಿಸಿ ಬಾಗಿಲ ಹೆಂಗಸಿಗೆ ಟಿಕೆಟ್ ತೋರಿಸಿದ. ಅವಳು ಓದಿದಳು, ಇವನ ಮುಖ ನೋಡಿದಳು, ತಲೆ ಮೇಲೆ ಕೈ ಇಟ್ಟುಕೊಂಡಳು. ಪ್ಲಾಟ್‌ಫಾರಂನ ಆಚೆ ಬದಿಯ ಗಾಡಿಗೆ ಬೆರಳು ಮಾಡಿ "ತಾಷ್ಕೆಂಟ್" ಎಂದಳು. ಆಮೇಲೆ ತಾನು ನಿಂತ ನೆಲ ತೋರಿಸಿ "ಸಿಬೀರ್" ಎಂದಳು.

ಸೈಬೀರಿಯ! ಅಷ್ಟು ಹೊತ್ತಿಗೆ ಕಾಲ ಕೆಳಗೆ ನೆಲ ಚಲಿಸತೊಡಗಿತ್ತು.

ನಾಗೇಂದ್ರಪ್ಪ ಕಿಟಕಿಗೆ ಹಾರಿದ. ಕೆಳಗೆ, ಉಳಿದಿಬ್ಬರನ್ನೂ ಅಷ್ಟರಲ್ಲಿ ಆಚೆಯ ಗಾಡಿಗೆ ಹತ್ತಿಸಿದ್ದ ದುಭಾಷಿ ಎರಡೂ ಕೈ ಬೀಸುತ್ತ ಓಡಿ ಬರುತ್ತಿದ್ದ. ಆಚೆಯ ಖಾಲಿ ಖಾಲಿ ಗಾಡಿಯಲ್ಲಿ, ಟಿಕೆಟ್ಟಿನಲ್ಲೇ ನಂಬರು ಬರೆದಿದ್ದ ಅವನ ಸೀಟಿನ ಉದ್ದಕ್ಕೂ ಕಾಲು ಚಾಚಿಕೊಂಡು ಹಾಲೇಶಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ನಾಗೇಂದ್ರಾ, ಗಾಬರಿ ಆಗಬ್ಯಾಡಲೇ! ನೀ ಬರೋತನಕ ನಿನ್ನ ಸೀಟಿನಾಗ ಯಾರನ್ನೂ ಕುಂದ್ರಸಂಗಿಲ್ಲ!"