ಮರಳು ಹುರಿಯುತ್ತಿದ್ದ ಮಾವ

ನನ್ನ ಸೋದರಮಾವನಂಥ ಪುಕ್ಕಲನನ್ನು ನೀವು ಕಂಡಿರಲಿಕ್ಕಿಲ್ಲ, ಪಂದ್ಯ ಕಟ್ಟುತ್ತೇನೆ! ಹುಲಿಗೆ, ಹಾವಿಗೆ, ಹೆಂಡತಿಗೆ ಹೆದರುವವರು ಊರಿಗೆ ನೂರು ಜನ ಸಿಗುತ್ತಾರೆ. ಮಾವ ಈ ಮೂರಕ್ಕೂ ಹೆದರುವವನಲ್ಲ. ಅವನು ಹೆದರುತ್ತಿದ್ದದ್ದು ಎರಡಕ್ಕೆ ಮಾತ್ರ: ಒಂದು ಬೆಂಕಿ, ಇನ್ನೊಂದು ಮೈಸೂರು ಸರಕಾರ. ಅಂಥವನು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಾನೆ ಹೇಳಿ? ತೀರ್ಥಹಳ್ಳಿಯಲ್ಲಿ ಪೆಟ್ರೋಲ್ ಬಂಕು ಇಟ್ಟಿದ್ದಾನೆ!

ಬಂಕೆಂದರೆ ಒಂದು ತಗಡಿನ ಮಾಡು, ನೆಲದೊಳಗೊಂದು ಟ್ಯಾಂಕು, ಕೈಯಲ್ಲಿ ತಿರುಗಿಸುವ ಒಂದು ಪಂಪು. ಇದ್ದ ಚೂರು ಗದ್ದೆ ಮಾರಿ ಇಟ್ಟದ್ದು. ಲೈಸೆನ್ಸ್ ಹೋದರೆ ಮನೆಯ ಒಲೆ ಆರಿದಂತೆಯೇ.

ಅವನ ಹೆದರಿಕೆಯಲ್ಲಿ ನನ್ನ ಪಾಲೂ ಇದೆ, ಸುಳ್ಳೇಕೆ ಹೇಳಲಿ? ಲೈಸೆನ್ಸಿನ ಜೊತೆ ಬಂದ ನಿಯಮಗಳ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಾವನಿಗೆ ಇಂಗ್ಲಿಷಿನ ಗಂಧವಿಲ್ಲ. ನಾನೋ, ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಮಾವನ ಮನೆ ಸೇರಿ, ಹಳೇ ಡಿಕ್ಷನರಿಯೊಂದನ್ನು ಗುರು ಮಾಡಿಕೊಂಡವನು. ಓದಲು ಏನು ಸಿಕ್ಕಿದರೂ ಬಿಡುತ್ತಿರಲಿಲ್ಲ! ದಿನಕ್ಕೊಂದು ನಿಯಮ ಓದಿ, ಕನ್ನಡಕ್ಕೆ ತಿರುಗಿಸಿ, ಹುರುಪಿನಲ್ಲಿ ಸ್ವಲ್ಪ ಖಾರವನ್ನೂ ಸೇರಿಸಿ ಹೇಳುತ್ತಿದ್ದೆ. ಪ್ರತಿಯೊಂದರ ಕೊನೆಗೂ "ತಪ್ಪಿದರೆ ಲೈಸೆನ್ಸ್ ರದ್ದು" ಎಂದಾಗ ಮಾವನ ಗಂಟಲಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

ಪಂಪಿನ ಪಕ್ಕ ಬಕೆಟ್ಟುಗಳಲ್ಲಿ ಒಣಗಿದ ಮರಳು ಇಟ್ಟಿರಬೇಕು ಎಂದು ಒಂದು ನಿಯಮ. ಒಣಗಿದ ಮರಳು! ತೀರ್ಥಹಳ್ಳಿಯ ಆಷಾಢದಲ್ಲಿ! ಮೈ ಒರೆಸಲು ಒಣಗಿದ ಟವೆಲ್ಲೇ ಸಿಗದ ಊರಿನಲ್ಲಿ! ಮಾವ ಎರಡು ದಿನ ಊಟ ಬಿಟ್ಟು ಯೋಚಿಸಿದ. ಮೂರನೇ ದಿನ ಬಕೆಟ್ಟುಗಳನ್ನು ಮನೆಗೆ ಹೊತ್ತು ತಂದು, ಅತ್ತೆಯ ದೊಡ್ಡ ಬಾಣಲೆಗೆ ಮರಳು ಸುರಿದು, ಒಲೆಯ ಮುಂದೆ ಕೂತು ಹುರಿಯತೊಡಗಿದ.

"ಮರಳಲ್ಲಿ ಅರಳು ಹುರಿಯೂದು ಕಂಡಿದೀನಿ. ಬರೀ ಮರಳು ಹುರಿಯೂದು ಇವತ್ತೇ ಕಂಡಿದ್ದು," ಎಂದಳು ಅತ್ತೆ. "ಉಪ್ಪು ಹಾಕ್ಲಾ?"

"ತಮಾಷೆ ಮಾಡ್ಬೇಡ ಮಾರಾಯ್ತಿ. ಇನ್ಸ್‌ಪೆಕ್ಟ್ರು ಕೈ ಹಾಕಿದ್ರೆ ಬೆರಳಿಗೆ ಒಂದು ಕಾಳೂ ಅಂಟ್‌ಬಾರ್ದು."

ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಅನ್ನ ತಪ್ಪಿದರೂ ಮರಳು ಹುರಿಯುವುದು ತಪ್ಪಲಿಲ್ಲ!

ಇನ್ನು ಟ್ಯಾಕ್ಸಿಗಳ ಕಥೆ. ಡ್ರೈವರುಗಳು ಬೆಳಿಗ್ಗೆ ಗಾಡಿಯೊಳಗಿನ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಮೊದಲು ಬರುವುದೇ ಬಂಕಿಗೆ. ಬಂಕಿನೊಳಗೆ ಕಿಡಿ ತರಕೂಡದು ಎಂದು ನಿಯಮ. ಹೊಸನಗರದ ಟ್ಯಾಕ್ಸಿಯೊಂದು ಹೊಗೆಯಾಡುತ್ತ ಬಂದಾಗ ಮಾವ ರಸ್ತೆಗೇ ಹಾರಿ ಅಡ್ಡ ನಿಂತ.

"ದೇವ್ರಿಗೂ ಲೈಸೆನ್ಸ್ ಬೇಕೇನ್ರೀ ಯಜಮಾನ್ರೆ?" ಎಂದು ಡ್ರೈವರ್ ರೇಗಿದ.

"ದೇವ್ರಿಗೆ ಬೇಡ ಮಾರಾಯ, ನಂಗೆ ಬೇಕಲ್ಲ! ಸ್ವಾಮೀನ ಆಚೆ ಕಲ್ಲಿನ ಮೇಲೆ ಕೂರ್ಸಿ ಬಾ."

ಅಂದಿನಿಂದ ಟ್ಯಾಂಕು ತುಂಬುವವರೆಗೆ ಎಲ್ಲ ಟ್ಯಾಕ್ಸಿಗಳ ದೇವರೂ ರಸ್ತೆಯಾಚೆಯ ಕಲ್ಲಿನ ಮೇಲೆ ಕಾಯಬೇಕಾಯಿತು. ತಿಂಗಳು ಕಳೆಯುವುದರೊಳಗೆ ಆ ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದರು. ಸಂತೆಗೆ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು!

ನಗುತ್ತಿದ್ದೆವು ನಿಜ. ಆದರೆ ಹೋದ ಶ್ರಾವಣದಲ್ಲಿ ನಗು ನಿಂತಿತು. ಲೈಸೆನ್ಸ್ ಮುಂದುವರಿಸುವ ಮೊದಲು ತಪಾಸಣೆ ಮಾಡಲು ಇನ್ಸ್‌ಪೆಕ್ಟರು ಬಂದೇಬಿಟ್ಟರು. ಬಕೆಟ್ಟಿಗೆ ಕೈ ಹಾಕಿದರು. ಮರಳು ಬೆರಳ ಸಂದಿಯಿಂದ ಸರಸರನೆ ಸುರಿಯಿತು. "ಪರವಾಗಿಲ್ವಲ್ರೀ!" ಎಂದರು. ಮಾವನ ಮುಖ ಇನ್ನೇನು ಅರಳಬೇಕು, ಅಷ್ಟರಲ್ಲಿ ಒಬ್ಬ ಜೀಪ್ ಡ್ರೈವರ್ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಯಾರದೋ ಮನೆಯ ತಾಮ್ರದ ಕೊಡ.

"ಯಜಮಾನ್ರೆ, ಇದಕ್ಕೆ ಪೆಟ್ರೋಲ್ ಹಾಕಿ, ಬೇಗ! ಅರಳಸುರಳಿ ರಸ್ತೇಲಿ ಜೀಪು ನಿಂತ್‌ಹೋಯ್ತು. ಒಳಗೆ ಬಸುರಿ ಹೆಂಗ್ಸು. ನಿನ್ನೆಯಿಂದ ನೋವು ತಿಂತಿದಾಳೆ, ಈಗ ಕಣ್ಣೇ ಬಿಡ್ತಿಲ್ಲ!"

ಬಾಯಿ ತೆರೆದ ಪಾತ್ರೆಗೆ ಪೆಟ್ರೋಲ್ ಹಾಕಕೂಡದು. ಈ ನಿಯಮವನ್ನೂ ಓದಿ ಹೇಳಿದ್ದವನು ನಾನೇ.

ಮಾವ ಕೊಡವನ್ನು ನೋಡಿದ. ಇನ್ಸ್‌ಪೆಕ್ಟರನ್ನು ನೋಡಿದ. ಅವರು ಪೆನ್ನಿನ ಮುಚ್ಚಳ ತೆಗೆದು, "ನಿಯಮ ಗೊತ್ತಲ್ರೀ?" ಎಂದರು.

"ಗೊತ್ತು ಸ್ವಾಮಿ," ಎಂದ ಮಾವ. ತುಟಿ ಅದುರುತ್ತಿತ್ತು. ಅದುರುತ್ತಲೇ ಪಂಪಿನ ಹಿಡಿಕೆ ತಿರುಗಿಸಿದ.

ಕೊಡದ ಬಾಯಿಗೆ ಒದ್ದೆ ಗೋಣಿ ಕಟ್ಟಿ ಹೊತ್ತುಕೊಂಡವನೂ ಅವನೇ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. "ಬೀಡಿ ನಂದ್ಸಿ! ಬೀಡಿ ನಂದ್ಸಿ!" ಎಂದು ಅರಚುತ್ತ ಮುಂದೆ ನಾನು, ಹಿಂದೆ ಕೊಡ ಹೊತ್ತ ಮಾವ. ಹೋಟೆಲಿನ ಉರಿಯುವ ಒಲೆಯ ಎದುರು ದಾಟುವಾಗ ನನ್ನ ಜೀವ ಬಾಯಿಗೆ ಬಂತು. ತಿರುಗಿ ನೋಡುತ್ತೇನೆ, ಮಾವ ಕಣ್ಣು ಮುಚ್ಚಿಕೊಂಡೇ ಓಡುತ್ತಿದ್ದಾನೆ! ಹಾಗೆಯೇ ಒಂದು ಮೈಲಿ.

ಜೀಪು ಹೊರಟಿತು. ತಾಯಿ, ಮಗು ಇಬ್ಬರೂ ಉಳಿದರೆಂದು ಸಂಜೆಗೆ ಸುದ್ದಿ ಬಂತು. ನಾವು ಬಂಕಿಗೆ ಮರಳುವಷ್ಟರಲ್ಲಿ ಇನ್ಸ್‌ಪೆಕ್ಟರು ಹೋಗಿಯಾಗಿತ್ತು. ವರದಿ ಕಳಿಸುತ್ತೇನೆಂದು ಪಕ್ಕದ ಅಂಗಡಿಯಲ್ಲಿ ಹೇಳಿ ಹೋಗಿದ್ದರು.

ಅದಾದ ಮೇಲೆ ಅಂಚೆಯವನ ಸೈಕಲ್ ಕಂಡರೆ ಮಾವ ಪಂಪಿನ ಹಿಂದೆ ಅಡಗುತ್ತಿದ್ದ. ಕೊನೆಗೂ ಕಾಗದ ಬಂತು. ನಾನೇ ಒಡೆದು ಓದಿದೆ. ಈ ಸಲ ಎಚ್ಚರಿಕೆ ಕೊಟ್ಟು ಬಿಟ್ಟಿದೆ, ಮತ್ತೊಮ್ಮೆ ಹೀಗಾದರೆ ಲೈಸೆನ್ಸ್ ರದ್ದು.

"ಬಚಾವಾದ್ವಿ ಮಾವ!" ಎಂದು ಕುಣಿದೆ.

ಮಾವ ಕುಣಿಯಲಿಲ್ಲ. ಅವನ ಹಣೆಯ ಮೇಲೆ ಬೆವರಿತ್ತು. "ಇನ್ನೊಬ್ರು ಹಂಗೇ ಓಡಿ ಬಂದ್ರೆ ಎಂತ ಮಾಡೂದಾ ಮಾಣಿ?"

"ಆಗೂದಿಲ್ಲ ಅಂದ್ಬಿಡು."

"ಹಂಗೆ ಅನ್ನಕ್ಕೆ ನನ್ ಕೈಲಿ ಆಗೂದಿಲ್ಲ. ಅದೇ ನಂಗೆ ಹೆದ್ರಿಕೆ."

ನಾನು ಒಳಗೆ ಹೋಗಿ ನಿಯಮಗಳ ಪುಸ್ತಕ ತಂದೆ. "ಕೊನೇ ಪುಟ ಓದೂದೇ ಬಿಟ್ಟುಹೋಗಿತ್ತು ಮಾವ," ಎಂದೆ. ಡಿಕ್ಷನರಿ ಮುಟ್ಟದೆ, ತಡವರಿಸದೆ ಓದಿದೆ: "ಮನುಷ್ಯರ ಪ್ರಾಣಕ್ಕೆ ಅಪಾಯವಿದ್ದಾಗ ಯಾವ ಪಾತ್ರೆಗಾದರೂ ಹಾಕಬಹುದು. ಅದಕ್ಕಾಗಿ ಲೈಸೆನ್ಸ್ ರದ್ದು ಮಾಡತಕ್ಕದ್ದಲ್ಲ."

"ಇನ್ನೊಂದ್ಸಲ ಓದು."

ಓದಿದೆ.

"ಎಲ್ಲಿದೆ? ಬೆರಳಿಟ್ಟು ತೋರ್ಸು."

ಪುಟದ ಕೆಳಗೆ ಒಂದೇ ಒಂದು ಸಾಲಿತ್ತು, ಪುಸ್ತಕ ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ. ಅದರ ಮೇಲೆ ಬೆರಳಿಟ್ಟೆ. ಮಾವ ಪಂಚೆಗೆ ಕೈ ಒರೆಸಿಕೊಂಡು, ಆ ಸಾಲನ್ನು ಮೆಲ್ಲಗೆ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ.