ಪುಡಿ, ಮಾತ್ರೆ, ಮೆಣಸಿನಕಾಯಿ ಘಾಟು

ಹುಣಸೂರಿನ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿ ತಲೆಗೂದಲು ಉದುರಿಸಿಕೊಂಡವನು ನಾನು. ಇಲ್ಲಿ ನಾವು ಅಂದುಕೊಂಡದ್ದು ಒಂದೂ ನಡೆಯುವುದಿಲ್ಲ, ಬೇಡ ಅಂದದ್ದು ಮಾತ್ರ ತಪ್ಪದೆ ನಡೆಯುತ್ತದೆ. ಈಗೀಗ ನಗುವುದಕ್ಕೂ ಸುಸ್ತು. ಆದರೂ ಎಚ್.ಡಿ. ಕೋಟೆ ಕಡೆಯ ಒಬ್ಬ ಡ್ರೈವರ್ ನೆನಪಾದರೆ ತಡೆಯಲಾಗುವುದಿಲ್ಲ.

ಕಬಿನಿ ಹಿನ್ನೀರಿನ ಹತ್ತಿರ ರೆಸಾರ್ಟಿನ ಜೀಪು ಓಡಿಸುತ್ತಿದ್ದ. ಬಂದ ಅತಿಥಿಗಳು ಕೊಕೇನ್ ರುಚಿ ಹತ್ತಿಸಿ ಹೋದರು. ಕೆಲಸ ಹೋಯಿತು, ಹೆಂಡತಿ ಪಿರಿಯಾಪಟ್ಟಣದ ತವರಿಗೆ ಹೋಗಿ ಕೂತಳು. "ಆ ಪುಡಿ ಕಣ್ಮುಂದೆ ಇದ್ರೂ ಮುಟ್ದೆ ಬರ್ಲಿ, ಆಮೇಕೆ ಬತ್ತೀನಿ" ಎಂದು ನನಗೆ ಫೋನಿನಲ್ಲಿ ಹೇಳಿಬಿಟ್ಟಳು.

ಕನ್ನಡಿಯ ಮೇಲಿನ ಪುಡಿ

ಮೈಸೂರಿನಿಂದ ಬರುವ ಡಾಕ್ಟರು ಹೊಸ ಅಭ್ಯಾಸ ಶುರು ಮಾಡಿಸಿದರು. ಕೊಕೇನಿನಂತೆ ಕಾಣುವ ಬಿಳಿ ಪುಡಿಯನ್ನು ಕನ್ನಡಿಯ ಮೇಲೆ ಹರಡಿ ಅವನ ಮುಂದಿಡಬೇಕು. ಅವನು ಸುಮ್ಮನೆ ನೋಡುತ್ತಾ ಕೂರಬೇಕು. ನೋಡಿ ನೋಡಿ, ಏನೂ ಸಿಗದೆ, ಆಸೆ ತಾನಾಗಿ ಆರಿಹೋಗಬೇಕು.

ನಾನು ಗ್ಲೂಕೋಸ್ ಪುಡಿ ತಂದೆ. ಅಭ್ಯಾಸ ಮುಗಿದ ಮೇಲೆ ನಮ್ಮ ಅಡುಗೆಯಮ್ಮ ಅದನ್ನು ಬಳಿದುಕೊಂಡು ಹೋಗಿ ನಿಂಬೆ ಪಾನಕ ಮಾಡಿ ಅವನಿಗೇ ಕೊಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

"ಪುಡಿ ನೋಡಿದ್ರೆ ಈಗ ಹೇಗನ್ಸುತ್ತೆ?" ಎಂದು ಒಂದು ದಿನ ಕೇಳಿದೆ.

"ಆಸೆ ಜಾಸ್ತಿ ಆಯ್ತದೆ ಸಾ."

ನಾನು ಕನ್ನಡಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅವನು ಬಾಗಿಲ ಕಡೆ ನೋಡಿ ಕೇಳಿದ, "ಪಾನಕ ಯಾವಾಗ ಬತ್ತದೆ?"

ಜ್ಞಾಪಕದ ಮಾತ್ರೆ

ಡಾಕ್ಟರು ಒಂದು ಮಾತ್ರೆಯನ್ನೂ ಕೊಟ್ಟರು. ಅಭ್ಯಾಸಕ್ಕೆ ಕೂರುವ ಮುಂಚೆ ನುಂಗಿದರೆ, ಆ ಹೊತ್ತು ಕಲಿತದ್ದು ಜ್ಞಾಪಕದಲ್ಲಿ ಗಟ್ಟಿಯಾಗಿ ಕೂರುತ್ತದಂತೆ. "ಬೇರೆ ಹೊತ್ತಲ್ಲಿ ನುಂಗಬೇಡಿ. ಅದಕ್ಕೆ ಒಳ್ಳೆ ಪಾಠ, ಕೆಟ್ಟ ಪಾಠ ಅಂತ ಗೊತ್ತಾಗಲ್ಲ" ಎಂದು ಎಚ್ಚರಿಸಿದರು.

ಮಾತ್ರೆಗಳನ್ನು ಇಟ್ಟುಕೊಂಡಿದ್ದ ಡ್ರೈವರ್‌ನ ತಾಯಿಯ ಕಿವಿಗೆ ಜ್ಞಾಪಕ ಅನ್ನುವುದಷ್ಟೇ ಬಿತ್ತು. ಪಂಪ್‌ಸೆಟ್ ಮನೆಯ ಬೀಗದ ಕೈ ಕಳೆದುಕೊಂಡು ಹುಡುಕುತ್ತಿದ್ದ ಗಂಡನಿಗೆ ಒಂದು ಮಾತ್ರೆ ನುಂಗಿಸಿದ್ದಾರೆ. ಮರುವಾರ ಬಂದು ಉಳಿದದ್ದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ನೀವೇ ಮಡೀಕಳಿ ಸಾ."

"ಯಾಕಮ್ಮ, ಬೀಗದ ಕೈ ಸಿಗಲಿಲ್ವಾ?"

"ಅದೆಲ್ ಸಿಕ್ತದೆ! ನಮ್ ಮದ್ವೆ ಬೀಗ್ರೂಟದಲ್ಲಿ ನಮ್ಮಪ್ಪ ಅವ್ರ ಎಲೆಗೆ ಬರೀ ಮೂಳೆ ಆಕ್ಸಿದ್ದು ಮಾತ್ರ ಗ್ಯಾಪಕ ಬಂದದೆ."

ಘಾಟು

ಅಭ್ಯಾಸದ ದಿನ ಈ ತಾಯಿ ಬರದೆ ಇರುತ್ತಿರಲಿಲ್ಲ. ಒಳಗೆ ಅವನು ಮಾತ್ರೆ ನುಂಗಿ ಪುಡಿ ನೋಡುತ್ತಾ ಕೂತರೆ, ಹೊರಗೆ ಕಿಟಕಿ ಕೆಳಗೆ ಇವರು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ ದೃಷ್ಟಿ ತೆಗೆಯುತ್ತಿದ್ದರು. ಹೊಗೆಯೆಲ್ಲ ಒಳಗೆ. ಅವನೂ ಕೆಮ್ಮುತ್ತಿದ್ದ, ನಾನೂ ಕೆಮ್ಮುತ್ತಿದ್ದೆ.

"ಬೇಡಮ್ಮ, ಚಿಕಿತ್ಸೆ ಕೆಡುತ್ತೆ" ಎಂದು ಗೋಗರೆದೆ.

"ಘಾಟು ಬಂದ್ರೆ ದೃಷ್ಟಿ ಇಳಿದಂಗೆ, ಸುಮ್ಕಿರಿ ಸಾ."

ಕಿಟಕಿ ಹಾಕಿದರೆ ಬಾಗಿಲಿಗೆ ಬಂದರು. ನಾನು ಸೋತು ಕೈಬಿಟ್ಟೆ.

ಕೊನೆಗೆ, ಪರೀಕ್ಷೆಗೆಂದು ಹಳೆಯ ಜಾಗಕ್ಕೇ ಹೋಗಿ ಬರುವ ದಿನ ಬಂತು. ಅವನ ಜೊತೆ ಕೋಟೆ ಬಸ್ಸು ಹತ್ತಿದೆ. ನನಗೆ ನಿಜವಾಗಿಯೂ ಭಯವಾಗಿತ್ತು. ಇವತ್ತು ಜಾರಿದರೆ ಅವನ ಹೆಂಡತಿ ಇನ್ನು ಬರುವುದಿಲ್ಲ. ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿ ಹತ್ತಿರ ಹಳೆಯ ಗೆಳೆಯನೊಬ್ಬ ಕಾದು ನಿಂತವನಂತೆ ಸಿಕ್ಕಿದ. "ಎಲ್ಲೋಗಿದ್ಯಲಾ ಇಷ್ಟ್ ದಿನ?" ಎಂದು ಅಂಗೈಯಲ್ಲಿ ಪೊಟ್ಟಣ ಬಿಚ್ಚಿದ.

ಡ್ರೈವರ್ ಬಗ್ಗಿ ನೋಡಿದ. ಅವನ ಕೈ ಮುಂದಕ್ಕೆ ಹೋಯಿತು.

ಅಲ್ಲಿ ಕೆಂಡವಿಲ್ಲ, ಮೆಣಸಿನಕಾಯಿ ಇಲ್ಲ, ಆದರೂ ಶುರುವಾಯಿತು ಕೆಮ್ಮು. ಕಣ್ಣಲ್ಲಿ, ಮೂಗಲ್ಲಿ ನೀರು. ಅವನು ಕೆಮ್ಮಿದ ರಭಸಕ್ಕೆ ಪುಡಿಯೆಲ್ಲ ಹಾರಿ ಗೆಳೆಯನ ಅಂಗಿಯ ಮೇಲೆ. ಜನ ಸೇರುತ್ತಿದ್ದಂತೆ ಗೆಳೆಯ ಅಂಗಿ ಕೊಡವುತ್ತಾ ಓಡಿದ. ನಾನು ಡ್ರೈವರ್‌ನ ಬೆನ್ನು ತಟ್ಟಲು ಹೋದೆ, ನನಗೂ ಕೆಮ್ಮು ಹತ್ತಿಕೊಂಡಿತು. ನಾನು ಮಾತ್ರೆ ನುಂಗಿದವನೇ ಅಲ್ಲ.

ಡಾಕ್ಟರಿಗೆ ಫೋನಿನಲ್ಲಿ, ಅವನು ಪುಡಿ ಮುಟ್ಟಲಿಲ್ಲ ಅಂದೆ. "ನೋಡಿದ್ರಾ, ಮಾತ್ರೆ ಕೆಲಸ ಮಾಡಿದೆ!" ಎಂದು ಹಿಗ್ಗಿದರು. ಮಾಡಿತ್ತು, ಇಲ್ಲ ಅನ್ನಲಿ ಹೇಗೆ?

ಆಮೇಲೆ ಪಿರಿಯಾಪಟ್ಟಣಕ್ಕೆ, ಅವನ ಹೆಂಡತಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಬರೀ ಅಳು. ಆಮೇಲೆ ಮೂಗು ಸೀಟಿಕೊಂಡು ಹೇಳಿದಳು:

"ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ ಸಾ. ನಮ್ಮತ್ತೆಗೇಳಿ, ಇಲ್ಲಿ ಮೆಣಸಿನಕಾಯಿ ಖಾರ ಜೋರಾಗಿ ಅದೆ, ಬರ್ತಾ ಒಂದ್ ಮೂಟೆ ತತ್ತೀನಿ ಅಂತ."